ತೊಟ್ಟಿಲು, ಪ್ರಾಮು, ಕಾರಿನ ಆಸನ: ಶಿಶುವಾಹನಗಳ ಚರಿತ್ರೆಯೂ ನಮ್ಮ ಆಯ್ಕೆಯೂ

೧

ಒಂದು ಜನಾಂಗದ ಚರಿತ್ರೆಯನ್ನು ಅದರ ಶಾಸನಗಳಿಂದಲೂ ದೇವಾಲಯಗಳಿಂದಲೂ ಅರಿಯುವುದು ವಾಡಿಕೆಯಾಗಿದೆ. ಆ ಜನ ತಮ್ಮ ಕೂಸುಗಳನ್ನು ಯಾವುದರಲ್ಲಿ ಮಲಗಿಸಿದರು, ಊರಿಂದೂರಿಗೆ ಹೋಗುವಾಗ ಹೇಗೆ ಹೊತ್ತರು ಎಂಬ ಪ್ರಶ್ನೆಯನ್ನು ಚರಿತ್ರಕಾರರು ಸಾಮಾನ್ಯವಾಗಿ ಕೇಳುವುದಿಲ್ಲ. ಆದರೂ ಇದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ. ಮನೆಯ ರಚನೆ, ಬೀದಿಯ ಅಗಲ, ಮನೆಯಲ್ಲಿ ದುಡಿಯುವ ಕೈಗಳ ಸಂಖ್ಯೆ, ವಾಹನದ ವೇಗ, ಇವೆಲ್ಲವೂ ಕೂಸಿನ ಹಾಸಿಗೆಯ ಮೇಲೆ ತಮ್ಮ ಗುರುತನ್ನು ಬಿಟ್ಟುಹೋಗಿರುತ್ತವೆ.

ಮೊದಲು ಪದಗಳನ್ನೇ ಗಮನಿಸೋಣ. ‘ತೊಟ್ಟಿಲು’ ನಮ್ಮ ಸ್ವಂತ ನುಡಿ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಅದು ‘ತೊಟ್ಟಿಲ್’ ಎಂದೇ ಇದೆ. ಆದುದರಿಂದ ಆ ವಸ್ತುವೂ ಈ ಭಾಷೆಗಳನ್ನಾಡುವವರಲ್ಲಿ ಬಹು ಹಿಂದಿನಿಂದ ಬಂದುದೆಂದು ಊಹಿಸಬಹುದು. ಪ್ರಾಮಿಗೆ ಇಂಥ ಪದ ನಮ್ಮಲ್ಲಿಲ್ಲ. ‘ತಳ್ಳುಗಾಡಿ’ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವವನು ತರಕಾರಿಯವನೇ ಹೊರತು ಕೂಸಲ್ಲ. ಕಾರಿನಲ್ಲಿ ಕೂಸನ್ನು ಕೂರಿಸುವ ಆಸನಕ್ಕಂತೂ ‘ಕಾರ್ ಸೀಟು’ ಎಂಬ ಹೆಸರಲ್ಲದೆ ಬೇರೆ ಹೆಸರು ಹುಟ್ಟಿಯೇ ಇಲ್ಲ. ಪದವಿಲ್ಲದ ವಸ್ತುವನ್ನು ಕೊಳ್ಳುವವನು ಅದು ಹುಟ್ಟಿದ ಸಂದರ್ಭವನ್ನು ತಿಳಿಯದೆ ಬರಿಯ ವಸ್ತುವನ್ನಷ್ಟೇ ಮನೆಗೆ ತರುತ್ತಾನೆ.

ಈ ವಿಚಾರ ನಮಗೆ ಬರಿಯ ಕುತೂಹಲದ್ದಲ್ಲ. ವಡೋದರಾ ನಗರದ ದಕ್ಷಿಣಕ್ಕಿರುವ ಮಕರಪುರ ಒಂದು ಕಾಲಕ್ಕೆ ಗಾಯಕವಾಡರ ವಿಹಾರಸ್ಥಾನ. ಖಂಡೇರಾವ್ ಮಹಾರಾಜರು ೧೮೭೦ರ ಸುಮಾರಿಗೆ ಕಟ್ಟಿಸಿದ ಅಲ್ಲಿಯ ಅರಮನೆ ಈಗ ವಾಯುಪಡೆಯ ವಶದಲ್ಲಿದೆ. ಸುತ್ತಲೂ ಕೈಗಾರಿಕಾ ವಸಾಹತು ಬೆಳೆದಿದೆ. ಕಾರ್ಖಾನೆ, ಬ್ಯಾಂಕು, ವಿಶ್ವವಿದ್ಯಾಲಯಗಳ ನೌಕರಿಯನ್ನು ಅರಸಿ ಬಂದು ಇಲ್ಲಿ ನೆಲಸಿದ ಕನ್ನಡ ಕುಟುಂಬಗಳಲ್ಲಿ ಚೊಚ್ಚಲ ಹೆರಿಗೆ ಇನ್ನೂ ಬಹುಮಟ್ಟಿಗೆ ತವರಿನಲ್ಲಿಯೇ ಆಗುತ್ತದೆ. ಬಾಣಂತನ ಮುಗಿಸಿಕೊಂಡು ತಾಯಿ ಮೂರನೆಯ ತಿಂಗಳಲ್ಲೋ ಐದನೆಯ ತಿಂಗಳಲ್ಲೋ ಕೂಸಿನೊಡನೆ ಇಲ್ಲಿಗೆ ಬರುತ್ತಾಳೆ. ಅದಕ್ಕೆ ಮೊದಲು ಇಲ್ಲಿರುವ ತಂದೆ ಏನೇನು ಸಿದ್ಧಪಡಿಸಬೇಕು? ಎಂಥ ಪ್ರಾಮು ಕೊಳ್ಳಬೇಕು, ಕಾರಿನ ಆಸನ ಬೇಕೆ, ಎರಡಕ್ಕೂ ಹಣ ಸಾಲದಿದ್ದರೆ ಯಾವುದನ್ನು ಬಿಡಬೇಕು? ಈ ಪ್ರಶ್ನೆಗಳಿಗೆ ಅಂಗಡಿಯವನು ಕೊಡುವ ಉತ್ತರಕ್ಕಿಂತ ಚರಿತ್ರೆ ಕೊಡುವ ಉತ್ತರ ಹೆಚ್ಚು ಸ್ಪಷ್ಟವಾಗಿದೆಯೆಂದು ತೋರಿಸುವುದೇ ಈ ಲೇಖನದ ಉದ್ದೇಶ.

೨

ನಮ್ಮ ನಾಡಿನ ತೊಟ್ಟಿಲುಗಳಲ್ಲಿ ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಸುಪ್ರಸಿದ್ಧವಾದುದು. ಸಾಗುವಾನಿಯ ಚೌಕಟ್ಟಿನ ಮೇಲೆ ಅರಗಿನ ಬಣ್ಣಗಳಿಂದ ಶ್ರೀಕೃಷ್ಣನ ಬಾಲಲೀಲೆಗಳನ್ನೂ ರಾಮಾಯಣದ ಪ್ರಸಂಗಗಳನ್ನೂ ಚಿತ್ರಗಾರರು ಬರೆಯುತ್ತಾರೆ. ತವರಿನವರು ಮಗಳಿಗೆ ಕೊಡುವ ಈ ತೊಟ್ಟಿಲು ಒಂದು ಕೂಸಿಗಾಗಿ ಮಾಡಿಸಿದ್ದಾದರೂ ಒಂದು ಕೂಸಿಗೇ ಮುಗಿಯುವುದಿಲ್ಲ. ಅಜ್ಜ ಮಲಗಿದ ತೊಟ್ಟಿಲಲ್ಲಿ ಮೊಮ್ಮಗ ಮಲಗಿದನೆಂಬುದು ಉತ್ತರ ಕರ್ನಾಟಕದ ಮನೆಗಳಲ್ಲಿ ಹೆಮ್ಮೆಯ ಮಾತು.

ಗುಜರಾತಿನಲ್ಲಿಯೂ ಇದಕ್ಕೆ ಸರಿಜೋಡಿಯಾದ ಸಂಪ್ರದಾಯವುಂಟು. ವಡೋದರಾಕ್ಕೆ ಅನತಿದೂರದ ಸಂಖೇಡಾ ಎಂಬ ಊರಿನ ಖರಾದಿಗಳು ಸಾಗುವಾನಿಯನ್ನು ಚರಕಿಗೆ ಹಾಕಿ ಕಡೆದು ಅರಗಿನ ಬಣ್ಣ ಕೊಟ್ಟು ಉಯ್ಯಾಲೆ, ಪೀಠ, ತೊಟ್ಟಿಲುಗಳನ್ನು ಮಾಡುತ್ತಾರೆ. ನಮ್ಮ ಚನ್ನಪಟ್ಟಣದ ಬೊಂಬೆಗಳನ್ನು ಕಂಡವರಿಗೆ ಈ ಕೆಲಸ ಪರಕೀಯವೆನಿಸದು. ಇಲ್ಲಿಯ ಮನೆಮನೆಯಲ್ಲಿರುವ ‘ಘೋಡಿಯು’ ಎಂಬುದು ಕಾಲುಗಳುಳ್ಳ ಚೌಕಟ್ಟು. ಅದಕ್ಕೆ ಬಟ್ಟೆಯ ಜೋಲಿಯನ್ನು ಇಳಿಬಿಟ್ಟು ಹಗ್ಗದಿಂದ ತೂಗುವರು. ನಾಮಕರಣದ ದಿನ ಒಂದು ವಸ್ತ್ರದ ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದು, ನಡುವೆ ಕೂಸನ್ನಿಟ್ಟು ತೂಗುತ್ತಿರಲು, ಸೋದರತ್ತೆಯಾದವಳು ಹೆಸರಿಡುತ್ತಾಳೆ. ಜೈನರು ಪರ್ಯೂಷಣದಲ್ಲಿ ಮಹಾವೀರನ ಜನ್ಮವೃತ್ತಾಂತವನ್ನು ಓದಿಸುವಾಗ ಸ್ವಾಮಿಯ ತೊಟ್ಟಿಲನ್ನು ಮನೆಗೊಯ್ಯುವ ಭಾಗ್ಯಕ್ಕಾಗಿ ಸವಾಲು ಕೂಗುವುದುಂಟು. ತೊಟ್ಟಿಲಿಗೆ ಇಷ್ಟು ಗೌರವ ಸಲ್ಲಿಸುವ ಜನರ ನಡುವೆ ಕನ್ನಡಿಗರಿಗೆ ಪರದೇಶವೆಂಬ ಭಾವನೆ ಹುಟ್ಟದಿರುವುದು ಸಹಜ.

ಆದರೆ ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಲಘಟಗಿಯ ತೊಟ್ಟಿಲಾಗಲಿ ಸಂಖೇಡಾದ ತೊಟ್ಟಿಲಾಗಲಿ ತೂಗುತ್ತದೆಯೇ ಹೊರತು ಚಲಿಸುವುದಿಲ್ಲ. ಕೂಸು ಮನೆ ಬಿಟ್ಟು ಹೊರಟಾಗ ಅದಕ್ಕೆ ಆಸರೆಯಾದುದು ತಾಯಿಯ ಕಂಕುಳು, ಅಜ್ಜಿಯ ಮಡಿಲು, ದುಡಿಯುವ ಹೆಂಗಸಿನ ಬೆನ್ನಿಗೆ ಕಟ್ಟಿದ ಸೀರೆಯ ಜೋಲಿ. ಗಾಲಿ ನಮಗೆ ಅಪರಿಚಿತವಾದುದರಿಂದ ಹೀಗಾಯಿತೆಂದು ಹೇಳುವಂತಿಲ್ಲ. ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಜನಿಸಿ, ಬರೋಡ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ದುಡಿದು, ಮುಂದೆ ಭಾರತೀಯ ಪುರಾತತ್ತ್ವ ಇಲಾಖೆಯನ್ನು ಸೇರಿದ ಡಾ. ಎಸ್. ಆರ್. ರಾಯರು ೧೯೫೫ರಿಂದ ೧೯೬೦ರವರೆಗೆ ಅಹಮದಾಬಾದ್ ಜಿಲ್ಲೆಯ ಲೋಥಲ್‌ನಲ್ಲಿ ನಡೆಸಿದ ಉತ್ಖನನದಲ್ಲಿ ಸುಟ್ಟ ಮಣ್ಣಿನ ಆಟಿಕೆಬಂಡಿಗಳೂ ಗಾಲಿಗಳೂ ದೊರೆತಿವೆ. ಅಂದರೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದ ಮಕ್ಕಳು ಗಾಲಿಯೊಡನೆ ಆಡಿದ್ದರು. ಭಾಗವತದ ದಶಮಸ್ಕಂಧದಲ್ಲಿ ಯಶೋದೆ ಕೃಷ್ಣನನ್ನು ಬಂಡಿಯ ಕೆಳಗೆ ನೆರಳಿನಲ್ಲಿ ಮಲಗಿಸುತ್ತಾಳೆ. ಕೂಸು ಕಾಲಿನಿಂದ ಒದೆದು ಆ ಬಂಡಿಯನ್ನೇ ಉರುಳಿಸುತ್ತದೆ. ಬಂಡಿಯಿತ್ತು, ಕೂಸೂ ಇತ್ತು. ಕೂಸಿಗಾಗಿಯೇ ಬಂಡಿಯನ್ನು ಮಾಡುವ ಅಗತ್ಯ ಮಾತ್ರ ಕಾಣಲಿಲ್ಲ. ಎತ್ತಿಕೊಳ್ಳುವ ಕೈಗಳು ಮನೆಯಲ್ಲಿ ಬೇಕಾದಷ್ಟಿದ್ದವು. ದಾರಿ ಕಲ್ಲುಮುಳ್ಳಿನದು. ಪ್ರಯಾಣದ ವೇಗವಾದರೋ ಎತ್ತಿನ ನಡೆಗೆ ಮೀರಿದುದಲ್ಲ. ಅಷ್ಟು ವೇಗಕ್ಕೆ ಅಜ್ಜಿಯ ಮಡಿಲೇ ಅತ್ಯುತ್ತಮವಾದ ಆಸನವಾಗಿತ್ತು.

೩

ಇನ್ನು ಪ್ರಾಮಿನ ವಿಚಾರ. ‘ಪ್ರಾಮ್’ ಎಂಬುದು ‘ಪೆರಾಂಬ್ಯುಲೇಟರ್’ ಎಂಬುದರ ಸಂಕ್ಷಿಪ್ತ ರೂಪ. ಲ್ಯಾಟಿನ್ ಭಾಷೆಯಲ್ಲಿ ಸುತ್ತಾಡುವುದೆಂಬ ಅರ್ಥದ ಧಾತುವಿನಿಂದ ಅದು ಬಂದಿದೆ. ವಿನೋದದ ಸಂಗತಿಯೆಂದರೆ ಈ ಹೆಸರು ಭಾರತಕ್ಕೆ ಕೂಸಿನ ಗಾಡಿಯಾಗಿ ಬರುವ ಮೊದಲೇ ಬೇರೊಂದು ಗಾಲಿಯಾಗಿ ಬಂದಿತ್ತು. ಹದಿನೆಂಟನೆಯ ಶತಮಾನದಲ್ಲಿ ಕಂಪನಿಯ ಸೈನ್ಯದ ಸರ್ವೆಯವರು ದಾರಿಯ ಉದ್ದವನ್ನು ಅಳೆಯಲು ಹಿಡಿಯುಳ್ಳ ಒಂದು ದೊಡ್ಡ ಗಾಲಿಯನ್ನು ಉರುಳಿಸಿಕೊಂಡು ಹೋಗುತ್ತಿದ್ದರು. ಅದರ ಹೆಸರೂ ಪೆರಾಂಬ್ಯುಲೇಟರೇ.

ಕೂಸಿನ ಗಾಡಿಯ ಚರಿತ್ರೆ ಇಂಗ್ಲೆಂಡಿನ ಶ್ರೀಮಂತರ ತೋಟಗಳಲ್ಲಿ ಆರಂಭವಾಗುತ್ತದೆ. ೧೭೩೩ರಲ್ಲಿ ವಿಲಿಯಂ ಕೆಂಟ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ ಡೆವನ್‌ಶೈರ್ ಡ್ಯೂಕರ ಮಕ್ಕಳಿಗಾಗಿ ಕಪ್ಪೆಚಿಪ್ಪಿನಾಕಾರದ ಪುಟ್ಟ ಗಾಡಿಯನ್ನು ರಚಿಸಿದನು. ಅದನ್ನು ಮನುಷ್ಯರು ತಳ್ಳುತ್ತಿರಲಿಲ್ಲ. ಮೇಕೆಯೋ ಕುಳ್ಳ ಕುದುರೆಯೋ ಎಳೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಹಿಂದಿನಿಂದ ತಳ್ಳುವ ಹಿಡಿ ಬಂದಿತು. ಈ ಬದಲಾವಣೆ ಸಣ್ಣದಾಗಿ ಕಂಡರೂ ಮುಖ್ಯವಾದುದು: ಎಳೆಯುವವನಿಗೆ ಕಾಣದಿದ್ದ ಕೂಸು ತಳ್ಳುವವನ ಕಣ್ಣೆದುರಿಗೆ ಬಂದಿತು. ೧೮೮೯ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ರಿಚರ್ಡ್‌ಸನ್ ಎಂಬ ನೀಗ್ರೋ ಜನಾಂಗದ ಶೋಧಕನು ಕೂಸಿನ ತೊಟ್ಟಿಲನ್ನು ತಿರುಗಿಸಿ ತಾಯಿಗೆ ಅಭಿಮುಖವಾಗಿ ಮಾಡಬಹುದಾದ ಗಾಡಿಗೆ ಪೇಟೆಂಟು ಪಡೆದನು.

ಈ ಗಾಡಿಗೆ ಎರಡು ಆಧಾರಗಳು ಅವಶ್ಯವಾಗಿದ್ದವು. ಒಂದು, ನುಣುಪಾದ ಕಾಲುದಾರಿಯುಳ್ಳ ಉದ್ಯಾನ. ಇನ್ನೊಂದು, ಬಿಡುವಾಗಿ ತಳ್ಳಿಕೊಂಡು ತಿರುಗುವ ಸಂಬಳದ ಕೈ. ಭಾರತದ ದಂಡುಪ್ರದೇಶಗಳಲ್ಲಿ ಆ ಕೈ ಆಯಾಳದಾಗಿತ್ತು. ‘ಆಯಾ’ ಎಂಬ ಪದವೇ ಪೋರ್ಚುಗೀಸರಿಂದ ಬಂದುದು. ಸಾಹೇಬರ ಮಕ್ಕಳೊಡನೆ ಹಡಗು ಹತ್ತಿ ವಿಲಾಯತಿಗೆ ಹೋದ ಎಷ್ಟೋ ಆಯಾಗಳನ್ನು ಅಲ್ಲಿ ಕೆಲಸದಿಂದ ಬಿಟ್ಟುಬಿಡುತ್ತಿದ್ದರು. ಅಂಥವರಿಗೆ ಆಶ್ರಯವಾಗಿ ಲಂಡನ್ನಿನಲ್ಲಿ ಒಂದು ಆಯಾನಿವಾಸವಿತ್ತು. ೧೯೦೦ರಲ್ಲಿ ಅದು ಹ್ಯಾಕ್ನಿ ಬಡಾವಣೆಗೆ ಸ್ಥಳಾಂತರವಾಯಿತು. ಅಲ್ಲಿಯ ಕಟ್ಟಡಕ್ಕೆ ೨೦೨೨ರಲ್ಲಿ ಸ್ಮಾರಕಫಲಕ ಹಾಕಲಾಗಿದೆ. ಪ್ರಾಮಿನ ಚಿತ್ರಗಳಲ್ಲಿ ಕೂಸಿನ ಹೆಸರು ಉಳಿದಿರುತ್ತದೆ, ತಳ್ಳುತ್ತಿದ್ದವಳ ಹೆಸರು ಇರುವುದಿಲ್ಲ.

ಉದ್ಯಾನಗಳಾದರೋ ನಮ್ಮಲ್ಲಿಯೂ ಅದೇ ಕಾಲಕ್ಕೆ ಹುಟ್ಟಿದವು. ಬೆಂಗಳೂರಿನ ಕಬ್ಬನ್ ಪಾರ್ಕು ೧೮೭೦ರದು. ವಡೋದರಾದಲ್ಲಿ ಸಯಾಜಿರಾವ್ ಮಹಾರಾಜರ ಕಾಲದ ಸಯಾಜಿಬಾಗು, ಜನರ ಬಾಯಲ್ಲಿ ಕಮಾಟಿಬಾಗು, ೧೮೭೯ರದು. ಪ್ರಾಮು ಇಂಥ ಬಾಗುಗಳಿಗೆ ಹೇಳಿಮಾಡಿಸಿದ ವಾಹನ. ಅಹಮದಾಬಾದಿನ ಹಳೆಯ ಪೋಳುಗಳ ಓಣಿಗಳಲ್ಲಿ, ಓಟಲೆಗಳ ಮೆಟ್ಟಿಲುಗಳ ನಡುವೆ, ಅದು ಹತ್ತು ಹೆಜ್ಜೆಯೂ ಸಾಗದು.

ಪ್ರಾಮು ಮಧ್ಯಮವರ್ಗದ ಕೈಗೆ ಬಂದುದು ವಿಮಾನವಿದ್ಯೆಯ ಪ್ರಭಾವದಿಂದ. ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಗಳ ಜೋಡಣೆಯಲ್ಲಿ ಕೆಲಸ ಮಾಡಿದ್ದ ಓವೆನ್ ಮೆಕ್ಲಾರೆನ್ ಎಂಬ ಇಂಗ್ಲಿಷ್ ಎಂಜಿನಿಯರು ೧೯೬೫ರಲ್ಲಿ, ಕೊಡೆಯಂತೆ ಮಡಿಸಬಹುದಾದ ಅಲ್ಯೂಮಿನಿಯಂ ಗಾಡಿಯನ್ನು ರೂಪಿಸಿದನು. ವಿಮಾನದ ಗಾಲಿಗಳು ಒಳಕ್ಕೆ ಮಡಚಿಕೊಳ್ಳುವ ತತ್ತ್ವವೇ ಇಲ್ಲಿಯೂ ಉಪಯೋಗಕ್ಕೆ ಬಂದಿತು. ಅಂದಿನಿಂದ ಆಯಾಳಿಲ್ಲದ ತಾಯಿಯೂ ಒಂದು ಕೈಯಲ್ಲಿ ಕೂಸನ್ನು, ಇನ್ನೊಂದರಲ್ಲಿ ಗಾಡಿಯನ್ನು ಹಿಡಿದು ಬಸ್ಸು ಹತ್ತುವುದು ಸಾಧ್ಯವಾಯಿತು. ನಮ್ಮ ಅಂಗಡಿಗಳಲ್ಲಿ ‘ಸ್ಟ್ರಾಲರ್’ ಎಂದು ಮಾರುವುದರಲ್ಲಿ ಬಹುಭಾಗ ಈ ವಂಶದ್ದೇ.

ಇದಿಷ್ಟರಿಂದ ಪ್ರಾಮಿನ ಸ್ವಭಾವ ಸ್ಪಷ್ಟವಾಗುತ್ತದೆ. ಅದು ವಿಹಾರದ ವಸ್ತು, ಸೌಕರ್ಯದ ವಸ್ತು. ಬಹುಕಾಲ ಅಂತಸ್ತಿನ ಕುರುಹೂ ಆಗಿತ್ತು. ಅದಿಲ್ಲದಿದ್ದರೆ ತಾಯಿಯ ಸೊಂಟಕ್ಕೆ ಶ್ರಮವಾದೀತು, ಕೂಸಿಗೆ ಹಾನಿಯಿಲ್ಲ.

೪

ಕಾರಿನ ಆಸನದ ಚರಿತ್ರೆ ಇದಕ್ಕಿಂತ ಕಿರಿದಾದರೂ ಅದರ ಗಾಂಭೀರ್ಯ ಬೇರೆ. ೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಆಸನಗಳ ಉದ್ದೇಶ ರಕ್ಷಣೆಯಲ್ಲ. ಕೂಸು ಅತ್ತಿತ್ತ ಹೊರಳದೆ ಕಿಟಕಿಯ ಎತ್ತರಕ್ಕೆ ಕುಳಿತಿದ್ದರೆ ತಂದೆಗೆ ಅನುಕೂಲವೆಂಬಷ್ಟೇ. ೧೯೫೯ರಲ್ಲಿ ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್ ಮೂರು ಬಿಂದುಗಳ ಸೀಟುಪಟ್ಟಿಯನ್ನು ರೂಪಿಸಿದ ಮೇಲೆ ದೊಡ್ಡವರ ಪ್ರಾಣರಕ್ಷಣೆಗೆ ದಾರಿಯಾಯಿತು. ಆ ಪಟ್ಟಿ ಕೂಸಿಗೆ ಒಪ್ಪುವುದಿಲ್ಲ. ನವಜಾತ ಶಿಶುವಿನ ತಲೆ ಅದರ ದೇಹದ ಉದ್ದದಲ್ಲಿ ಸುಮಾರು ಕಾಲುಭಾಗ. ಕುತ್ತಿಗೆಯ ಎಲುಬುಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖಮಾಡಿ ಕುಳಿತ ಕೂಸಿನ ದೇಹವನ್ನು ಪಟ್ಟಿ ತಡೆದರೂ ತಲೆ ಮುಂದಕ್ಕೆ ಚಿಮ್ಮುತ್ತದೆ.

ಈ ಸಮಸ್ಯೆಗೆ ಪರಿಹಾರ ಕಂಡವರು ಸ್ವೀಡನ್ನಿನ ವೈದ್ಯರಾದ ಬರ್ಟಿಲ್ ಆಲ್ಡ್‌ಮನ್. ಗಗನಯಾತ್ರಿಗಳು ನೌಕೆಯಲ್ಲಿ ಒತ್ತಡವನ್ನು ಬೆನ್ನಿನಿಂದ ತಡೆದುಕೊಳ್ಳುವಂತೆ ಒರಗಿರುವುದನ್ನು ಗಮನಿಸಿ, ಕೂಸನ್ನೂ ಚಲನೆಯ ದಿಕ್ಕಿಗೆ ಬೆನ್ನುಮಾಡಿ ಕೂರಿಸಬೇಕೆಂದು ಅವರು ಪ್ರತಿಪಾದಿಸಿದರು. ೧೯೬೪ರಲ್ಲಿ ಅಂಥ ಆಸನದ ಮಾದರಿಯ ಪರೀಕ್ಷೆ ನಡೆಯಿತು. ಕಾರು ತಟ್ಟನೆ ನಿಂತಾಗ ಬೆನ್ನು, ಕುತ್ತಿಗೆ, ತಲೆ ಮೂರೂ ಒಂದೇ ಆಸರೆಗೆ ಒತ್ತಿಕೊಳ್ಳುತ್ತವೆ, ಕುತ್ತಿಗೆ ಎಳೆಯಲ್ಪಡುವುದಿಲ್ಲ. ತತ್ತ್ವ ಇಷ್ಟೇ.

ಕಾನೂನಿನ ಚರಿತ್ರೆ ಇನ್ನೂ ಬೋಧಪ್ರದವಾಗಿದೆ. ಮಕ್ಕಳಿಗೆ ಇಂಥ ಆಸನವನ್ನು ಕಡ್ಡಾಯಮಾಡಿದ ಅಮೆರಿಕದ ಮೊದಲ ಸಂಸ್ಥಾನ ಟೆನೆಸಿ. ಮಕ್ಕಳ ವೈದ್ಯರಾದ ಡಾ. ರಾಬರ್ಟ್ ಸ್ಯಾಂಡರ್ಸರ ಪ್ರಯತ್ನದಿಂದ ಅಂಗೀಕೃತವಾದ ಆ ಕಾನೂನು ೧೯೭೮ರ ಜನವರಿ ೧ರಿಂದ ಜಾರಿಗೆ ಬಂದಿತು. ಆದರೆ ಶಾಸನಸಭೆಯವರು ಅದರಲ್ಲಿ ಒಂದು ವಿನಾಯಿತಿಯನ್ನು ಸೇರಿಸಿದ್ದರು: ದೊಡ್ಡವರು ಕೂಸನ್ನು ತೋಳಿನಲ್ಲಿ ಹಿಡಿದಿದ್ದರೆ ಆಸನ ಬೇಕಿಲ್ಲ. ಮಡಿಲಿನ ಮೇಲಣ ಈ ನಂಬಿಕೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲವೆಂಬುದು ಇದರಿಂದ ತಿಳಿಯುತ್ತದೆ. ಇದು ಕೂಸನ್ನು ಜಜ್ಜುವ ತಿದ್ದುಪಡಿಯೆಂದು ಸ್ಯಾಂಡರ್ಸರು ಕಟುವಾಗಿ ಖಂಡಿಸಿದರು. ೧೯೮೧ರಲ್ಲಿ ಆ ವಿನಾಯಿತಿ ರದ್ದಾಯಿತು.

ಅವರ ಕಟುತ್ವಕ್ಕೆ ಕಾರಣವೇನೆಂಬುದನ್ನು ಲೆಕ್ಕದಿಂದ ಅರಿಯಬಹುದು. ಗಂಟೆಗೆ ೫೦ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು ೧೪ ಮೀಟರು. ಡಿಕ್ಕಿಯಲ್ಲಿ ಕಾರು ಅರ್ಧ ಮೀಟರಿನೊಳಗೆ ನಿಂತರೆ, ಅದರೊಳಗಿನ ಪ್ರತಿಯೊಂದು ವಸ್ತುವನ್ನೂ ಹಿಡಿದು ನಿಲ್ಲಿಸಲು ಅದರ ತೂಕದ ಸುಮಾರು ಇಪ್ಪತ್ತರಷ್ಟು ಬಲ ಬೇಕು. ೫ ಕಿಲೋ ತೂಗುವ ಕೂಸು ಆ ಕ್ಷಣದಲ್ಲಿ ಒಂದು ಕ್ವಿಂಟಲಿನ ಮೂಟೆಯಾಗುತ್ತದೆ. ಒಂದು ಕ್ವಿಂಟಲನ್ನು ಅನಿರೀಕ್ಷಿತವಾಗಿ ತೋಳಿನಲ್ಲಿ ತಡೆದು ನಿಲ್ಲಿಸಬಲ್ಲ ತಾಯಿಯಾಗಲಿ ಪೈಲ್ವಾನನಾಗಲಿ ಇಲ್ಲ. ಹಿಡಿದವರೇ ಪಟ್ಟಿ ಕಟ್ಟಿರದಿದ್ದರೆ ಅವರ ತೂಕವೂ ಕೂಸಿನ ಮೇಲೆಯೇ ಬೀಳುತ್ತದೆ. ಇಲ್ಲಿ ಸೋಲುವುದು ವಾತ್ಸಲ್ಯವಲ್ಲ, ಮಾಂಸಖಂಡ. ಸರಿಯಾಗಿ ಕಟ್ಟಿದ ಆಸನವು ಕಾರುಗಳಲ್ಲಿ ಒಂದು ವರ್ಷದೊಳಗಿನ ಶಿಶುಗಳ ಮರಣವನ್ನು ಶೇಕಡ ೭೧ರಷ್ಟೂ, ಒಂದರಿಂದ ನಾಲ್ಕು ವರ್ಷದವರ ಮರಣವನ್ನು ಶೇಕಡ ೫೪ರಷ್ಟೂ ತಗ್ಗಿಸುತ್ತದೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಅಂದಾಜುಮಾಡಿದೆ.

೫

ನಮ್ಮ ದೇಶದಲ್ಲಿ ಈ ವಿಚಾರ ತಡವಾಗಿ ಬಂದುದಕ್ಕೆ ಕಾರಣವಿದೆ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಹೊರಬರುವವರೆಗೆ ಕಾರು ಸಾಮಾನ್ಯ ಗೃಹಸ್ಥನ ವಸ್ತುವಾಗಿರಲಿಲ್ಲ. ಅವನ ವಾಹನ ಸ್ಕೂಟರು; ಅದರ ಮುಂದೆ ನಿಂತ ಮಗು, ಹಿಂದೆ ಕುಳಿತ ಹೆಂಡತಿ, ಅವಳ ಮಡಿಲಲ್ಲಿ ಕೂಸು. ಮಳೆಯಲ್ಲಿ ಹೀಗೆ ಹೋಗುತ್ತಿದ್ದ ಒಂದು ಕುಟುಂಬವನ್ನು ಕಂಡುದೇ ನ್ಯಾನೋ ಕಾರಿನ ಕಲ್ಪನೆಗೆ ಪ್ರೇರಣೆಯಾಯಿತೆಂದು ರತನ್ ಟಾಟಾ ಹೇಳಿದ್ದರು. ಆ ಕಾರು ೨೦೦೯ರಲ್ಲಿ ಮಾರುಕಟ್ಟೆಗೆ ಬಂದಿತು. ೨೦೧೦ರಲ್ಲಿ ಅದರ ಕಾರ್ಖಾನೆ ಅಹಮದಾಬಾದಿನ ಬಳಿಯ ಸಾಣಂದದಲ್ಲಿ ಆರಂಭವಾಯಿತು. ೨೦೧೮ರಲ್ಲಿ ಅದರ ಉತ್ಪಾದನೆ ನಿಂತಿತು. ಸ್ಕೂಟರಿನಿಂದ ಕಾರಿಗೆ ಏರಿದ ಕುಟುಂಬ ಮಡಿಲನ್ನು ಮಾತ್ರ ಹಾಗೆಯೇ ಹೊತ್ತುಕೊಂಡು ಏರಿತು.

೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಡಿಕ್ಕಿಪರೀಕ್ಷೆಗೆ ಒಳಪಡಿಸಿದಾಗ ವಯಸ್ಕರ ರಕ್ಷಣೆಯಲ್ಲಿ ಒಂದಕ್ಕೂ ಒಂದು ತಾರೆಯೂ ದೊರೆಯಲಿಲ್ಲ. ಅನಂತರ ಪರಿಸ್ಥಿತಿ ಸುಧಾರಿಸಿದೆ. ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ೧೯೪-ಬಿ ಎಂಬ ಕಲಮು ಸೇರಿತು. ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟುಪಟ್ಟಿಯಿಂದಲಾಗಲಿ ಮಕ್ಕಳ ಆಸನದಿಂದಲಾಗಲಿ ಭದ್ರಪಡಿಸದೆ ವಾಹನ ನಡೆಸುವವನಿಗೂ ನಡೆಯಗೊಡುವವನಿಗೂ ಅದು ೧೦೦೦ ರೂಪಾಯಿ ದಂಡವನ್ನು ವಿಧಿಸುತ್ತದೆ. ೨೦೨೨ರ ಫೆಬ್ರವರಿಯ ನಿಯಮವೊಂದು, ಅಂದಿನಿಂದ ಒಂದು ವರ್ಷದ ಮೇಲೆ ಜಾರಿಗೆ ಬರುವಂತೆ, ದ್ವಿಚಕ್ರವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಪಟ್ಟಿಯಿಂದ ಬಿಗಿಯಬೇಕೆಂದೂ, ಒಂಬತ್ತು ತಿಂಗಳು ಮೀರಿದ ಮಗುವಿಗೆ ಹೆಲ್ಮೆಟ್ ತೊಡಿಸಬೇಕೆಂದೂ, ವೇಗ ೪೦ ಕಿಲೋಮೀಟರನ್ನು ಮೀರಬಾರದೆಂದೂ ಗೊತ್ತುಮಾಡಿತು. ೨೦೨೩ರ ಅಕ್ಟೋಬರ್ ೧ರಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ೩೨ ಅಂಕಗಳು, ಮಕ್ಕಳ ರಕ್ಷಣೆಗೆ ಪ್ರತ್ಯೇಕವಾಗಿ ೪೯ ಅಂಕಗಳು ಮೀಸಲಾಗಿವೆ. ಕಾರು ಕೊಳ್ಳುವವರು ತಾರೆಗಳನ್ನು ಎಣಿಸುವಾಗ ಈ ಎರಡನೆಯ ಅಂಕಣವನ್ನೂ ನೋಡುವುದೊಳ್ಳೆಯದು.

ನಮ್ಮವರಿಗೆ ಇದು ದೂರದ ಮಾತಲ್ಲ. ದಿಲ್ಲಿಯಿಂದ ಚೆನ್ನೈಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ೪೮ ಅಹಮದಾಬಾದ್, ವಡೋದರಾ, ಸೂರತ್ತುಗಳನ್ನು ಹಾದು, ಮುಂಬಯಿ ಪುಣೆಗಳನ್ನು ದಾಟಿ, ನಿಪ್ಪಾಣಿಯಲ್ಲಿ ಕನ್ನಡನಾಡನ್ನು ಹೊಕ್ಕು ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೂಲಕ ಬೆಂಗಳೂರಿಗೆ ಹೋಗುತ್ತದೆ. ನಮ್ಮ ಅನೇಕ ಮನೆಗಳಿಗೆ ತವರಿನ ದಾರಿಯೆಂದರೆ ಇದೇ. ೨೦೨೨ರ ಸೆಪ್ಟೆಂಬರ್ ೪ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರು ಗುಜರಾತಿನಿಂದ ಮುಂಬಯಿಗೆ ಹೊರಟವರು ಈ ದಾರಿಯಲ್ಲಿಯೇ, ಪಾಲಘರ್ ಜಿಲ್ಲೆಯಲ್ಲಿ, ಅಪಘಾತಕ್ಕೀಡಾಗಿ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದವರು ಪಟ್ಟಿ ಕಟ್ಟಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಹಿಂದಿನ ಸೀಟು ತಾನಾಗಿಯೇ ಸುರಕ್ಷಿತವೆಂಬ ಭ್ರಮೆಯನ್ನು ಕಳ್ಳಲು ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

೬

ಇಷ್ಟು ಹಿನ್ನೆಲೆಯಿಂದ ಆಯ್ಕೆಯ ಪ್ರಶ್ನೆಗೆ ಬರೋಣ. ಪ್ರತಿಯೊಂದು ಶಿಶುವಾಹನವೂ ಒಂದು ಬಗೆಯ ದಾರಿಯಿಂದ ಹುಟ್ಟಿದೆ. ನಮ್ಮ ದಾರಿ ಯಾವುದೋ ಅದಕ್ಕೆ ತಕ್ಕುದನ್ನು ಕೊಳ್ಳಬೇಕು. ಇದೇ ಸೂತ್ರ.

ಮಕರಪುರದ ವಠಾರದೊಳಗಣ ಸಿಮೆಂಟು ದಾರಿಯಲ್ಲಿ ಸಂಜೆ ತಿರುಗಾಡಿಸುವುದಷ್ಟೇ ಆದರೆ ಹಗುರವಾದ ಮಡಿಸುವ ಗಾಡಿ ಸಾಕು. ಹೊರಗಣ ಒಡೆದ ರಸ್ತೆಗೆ ದೊಡ್ಡ ಗಾಲಿ ಬೇಕಾಗುತ್ತದೆ. ಲಿಫ್ಟಿಲ್ಲದ ಮೂರನೆಯ ಮಹಡಿಯಲ್ಲಿರುವವರು ಗಾಡಿಯ ಅಂದಕ್ಕಿಂತ ತೂಕವನ್ನು ಮೊದಲು ವಿಚಾರಿಸಬೇಕು. ಕುತ್ತಿಗೆ ನಿಲ್ಲದ ಕೂಸಿಗೆ ಪೂರ್ತಿ ಮಲಗಿಸುವ ಹಾಸು ಅವಶ್ಯ. ಕುಳ್ಳಿರಿಸುವ ಗಾಡಿ ಆರು ತಿಂಗಳ ತರುವಾಯಕ್ಕೆ. ಬ್ರೇಕು ಗಟ್ಟಿಯಾಗಿರಬೇಕು. ವೈಶಾಖದ ಬಿಸಿಲಿನಲ್ಲಿ ನೆರಳಿಗೆಂದು ಗಾಡಿಯ ಮೇಲೆ ಬಟ್ಟೆ ಹೊದಿಸುವ ಅಭ್ಯಾಸ ಅಪಾಯಕರ. ಗಾಳಿಯಾಡದೆ ಒಳಗೆ ಕಾವು ಏರುತ್ತದೆ. ಇವಾವುವೂ ಇಲ್ಲದೆ, ಕೂಸಿನ ಮುಖ ಕಾಣುವಂತೆ, ಗಲ್ಲ ಎದೆಗೆ ಒತ್ತದಂತೆ ಸೀರೆಯ ಜೋಲಿಯಲ್ಲಿ ಎತ್ತಿಕೊಂಡು ನಡೆದರೂ ಕೊರತೆಯೇನಿಲ್ಲ.

ಕಾರಿನ ಆಸನದಲ್ಲಿ ಇಷ್ಟು ಸ್ವಾತಂತ್ರ್ಯವಿಲ್ಲ. ಅದರ ಮೇಲೆ ಮಾನದಂಡದ ಚೀಟಿ ಇರಬೇಕು: ಇಸಿಇ ಆರ್ ೪೪/೦೪ ಎಂದೋ, ೨೦೧೩ರಿಂದ ಬಂದ ಆರ್ ೧೨೯ ಎಂದೋ. ಮೊದಲನೆಯದು ತೂಕದಿಂದ ವಿಂಗಡಿಸುತ್ತದೆ; ಹಸುಳೆಗಳ ವರ್ಗ ೧೩ ಕಿಲೋವರೆಗೆ. ಎರಡನೆಯದು ಎತ್ತರದಿಂದ ವಿಂಗಡಿಸಿ, ಕನಿಷ್ಠ ೧೫ ತಿಂಗಳವರೆಗೆ ಹಿಮ್ಮುಖವಾಗಿಯೇ ಕೂರಿಸಬೇಕೆಂದು ವಿಧಿಸುತ್ತದೆ. ಆಸನವನ್ನು ಹಿಂದಿನ ಸೀಟಿನಲ್ಲಿಯೇ ಕಟ್ಟಬೇಕು. ಮುಂದಿನ ಸೀಟಿನ ಗಾಳಿಚೀಲ ಹಿಮ್ಮುಖದ ಆಸನಕ್ಕೆ ಬಡಿದರೆ ಮಾರಕವಾದೀತು. ಕೊಳ್ಳುವ ಮೊದಲು ನಮ್ಮ ಕಾರಿನಲ್ಲಿಯೇ ಕೂರಿಸಿ ನೋಡಬೇಕು. ಕಾರಿನಲ್ಲಿ ಐಸೋಫಿಕ್ಸ್ ಕೊಂಡಿಗಳಿದ್ದರೆ ಜೋಡಣೆಯಲ್ಲಿ ತಪ್ಪಾಗುವ ಸಂಭವ ಕಡಿಮೆ. ಇಲ್ಲದಿದ್ದರೆ ಸೀಟುಪಟ್ಟಿಯಿಂದ ಕಟ್ಟುವ ಬಗೆಯದನ್ನು ಕೊಂಡು, ಬುಡವನ್ನು ಹಿಡಿದು ಅಲುಗಿಸಿದಾಗ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯದಂತೆ ಬಿಗಿಯಬೇಕು. ಕೂಸನ್ನು ದಪ್ಪ ದುಪ್ಪಟಿಯಲ್ಲಿ ಸುತ್ತಿ ಅದರ ಮೇಲೆ ಪಟ್ಟಿ ಬಿಗಿದರೆ ಪಟ್ಟಿ ಸಡಿಲವೇ ಆಗಿರುತ್ತದೆ. ಮೊದಲು ಪಟ್ಟಿ, ಆಮೇಲೆ ಹೊದಿಕೆ. ದೂರಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ಕೂಸನ್ನು ಎತ್ತಿಕೊಳ್ಳಬೇಕು. ನಿಂತ ಕಾರಿನಲ್ಲಿ ಅದನ್ನು ಒಂಟಿಯಾಗಿ ಬಿಡತಕ್ಕುದಲ್ಲ. ಆಟೋರಿಕ್ಷಾದಲ್ಲಿ ಈ ಆಸನವನ್ನು ಬಿಗಿಯಲು ಪಟ್ಟಿಯೇ ಇರುವುದಿಲ್ಲವಾದುದರಿಂದ ಕೂಸಿನೊಡನೆ ಅದರಲ್ಲಿ ಹೋಗುವುದನ್ನು ಆದಷ್ಟು ಮಿತಗೊಳಿಸುವುದೇ ದಾರಿ.

ಇಲ್ಲಿ ತೊಟ್ಟಿಲಿಗೂ ಆಸನಕ್ಕೂ ಇರುವ ಒಂದು ಭೇದವನ್ನು ಒತ್ತಿ ಹೇಳಬೇಕು. ತೊಟ್ಟಿಲು ಕೈಯಿಂದ ಕೈಗೆ ಬಂದಷ್ಟೂ ಬೆಲೆಯುಳ್ಳದ್ದಾಗುತ್ತದೆ. ಆಸನ ಹಾಗಲ್ಲ. ಬಿಸಿಲಿಗೆ ಅದರ ಪ್ಲಾಸ್ಟಿಕ್ಕು ಸವೆಯುತ್ತದೆ. ತಯಾರಕರು ಅದಕ್ಕೆ ಆಯುಸ್ಸನ್ನು ಗೊತ್ತುಮಾಡಿರುತ್ತಾರೆ. ದೊಡ್ಡ ಡಿಕ್ಕಿಯೊಂದನ್ನು ಕಂಡ ಆಸನದಲ್ಲಿ ಹೊರಗೆ ಕಾಣದ ಬಿರುಕಿರಬಹುದು. ಪೂರ್ವೇತಿಹಾಸ ತಿಳಿಯದ ಆಸನವನ್ನು ಅಗ್ಗವೆಂದು ಕೊಳ್ಳಬಾರದು. ಬಳುವಳಿಯನ್ನು ಪುಣ್ಯವೆಂದು ತಿಳಿಯುವ ನಮ್ಮಂಥವರಿಗೆ ಇದು ಒಪ್ಪಲು ಕಷ್ಟವಾದ ಮಾತು.

ವಾಹನಸಾಲದ ಅರ್ಜಿಗಳನ್ನು ನೋಡುವ ವೃತ್ತಿಯವನಾದ ನಾನು ಗಮನಿಸಿರುವ ಒಂದು ಸಂಗತಿಯಿದೆ. ಅರ್ಜಿಗೆ ಲಗತ್ತಿಸಿದ ದರಪಟ್ಟಿಗಳಲ್ಲಿ ಸೀಟಿನ ಕವಚ, ನೆಲಹಾಸು, ಸಂಗೀತಯಂತ್ರ, ಬಣ್ಣದ ಲೇಪ ಎಲ್ಲವೂ ಇರುತ್ತವೆ. ಮನೆಯಲ್ಲಿ ಕೂಸಿದ್ದರೂ ಮಕ್ಕಳ ಆಸನ ಮಾತ್ರ ಇರುವುದು ಅಪೂರ್ವ. ಪ್ರಾಮನ್ನು ನಾಲ್ಕು ಜನ ನೋಡುತ್ತಾರೆ. ಆಸನವನ್ನು ಯಾರೂ ನೋಡುವುದಿಲ್ಲ. ವಿಮೆಯ ಕಂತಿನಂತೆ, ಅದರ ಪ್ರಯೋಜನ ಕಣ್ಣಿಗೆ ಬೀಳದಿದ್ದರೇ ನಮ್ಮ ಭಾಗ್ಯ. ಹಣ ಒಂದಕ್ಕೇ ಸಾಕಾಗುವಂತಿದ್ದರೆ ಯಾವುದನ್ನು ಬಿಡಬೇಕೆಂಬ ಪ್ರಶ್ನೆಗೆ ಸಂಶಯವಿಲ್ಲದ ಉತ್ತರವಿದೆ: ಪ್ರಾಮನ್ನು.

ಕೊನೆಯದಾಗಿ ಒಂದು ಆಕ್ಷೇಪಣೆ ಉಳಿಯುತ್ತದೆ. ಅದು ಹಣದ್ದಲ್ಲ, ಹೃದಯದ್ದು. ಊರಿನಿಂದ ಬಂದ ಅಜ್ಜಿ ಹಿಂದಿನ ಸೀಟಿನಲ್ಲಿ ಕುಳಿತು, ಪಕ್ಕದಲ್ಲಿ ಅಳುತ್ತಿರುವ ಮೊಮ್ಮಗುವನ್ನು ಕಂಡು, “ಕೂಸಿನ್ನ ಹಿಂಗ್ಯಾಕ ಕಟ್ಟಿಹಾಕೀರಿ? ನನ್ನ ತೊಡಿ ಮ್ಯಾಲೆ ಕೊಡ್ರಿ” ಎಂದರೆ ಮಗಳಾಗಲಿ ಅಳಿಯನಾಗಲಿ ಏನು ಹೇಳಬೇಕು? ಅಜ್ಜಿ ಕೇಳುತ್ತಿರುವುದು ತನ್ನ ಹಕ್ಕನ್ನು. ಅದನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ಆದರೆ ಕಟ್ಟುವುದು ನಮ್ಮ ಸಂಪ್ರದಾಯಕ್ಕೆ ಹೊರಗಿನದಲ್ಲವೆಂಬುದನ್ನು ಅವರಿಗೆ ನೆನಪಿಸಬಹುದು. ಹೊಲದಲ್ಲಿ ದುಡಿದ ನಮ್ಮ ಹೆಂಗಸರು ಕೂಸನ್ನು ಬೆನ್ನಿಗೆ ಬಿಗಿಯಾಗಿ ಕಟ್ಟಿಯೇ ದುಡಿದರು. ಘೋಡಿಯುವಿನ ಜೋಲಿ ಕೂಸನ್ನು ಎರಡೂ ಬದಿಯಿಂದ ಅಪ್ಪಿಹಿಡಿಯುತ್ತದೆ. ಕೈಗಳು ಬೇರೆ ಕೆಲಸದಲ್ಲಿದ್ದಾಗ, ಕೈಗಳ ಬಲ ಸಾಲದಾದಾಗ, ಬಟ್ಟೆಯ ಬಿಗಿಯನ್ನು ನಂಬಿದವರು ನಾವು. ಕಾರಿನ ಆಸನ ಪ್ರಾಮಿನ ತಮ್ಮನಂತೆ ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿ ಇರುತ್ತದಾದರೂ, ಅದರ ನಿಜವಾದ ಪೂರ್ವಜ ಜೋಲಿ. ಜೋಲಿ ತಾಯಿಯ ನಡಿಗೆಯ ವೇಗಕ್ಕೆ ಕಟ್ಟಿದ್ದು. ಇದು ಹೆದ್ದಾರಿಯ ವೇಗಕ್ಕೆ ಕಟ್ಟಿದ್ದು. ಕಾರು ನಿಂತೊಡನೆ ಕೂಸು ಅಜ್ಜಿಯದೇ.

ಆದುದರಿಂದ ನಮ್ಮ ಬಾಂಧವರಲ್ಲಿ ಒಂದು ಸೂಚನೆಯನ್ನು ಮುಂದಿಡುತ್ತೇನೆ. ತೊಟ್ಟಿಲು ಕೊಡುವುದು ತವರಿನವರ ಪದ್ಧತಿ. ಹಳೆಯ ತೊಟ್ಟಿಲಿರುವ ಮನೆಗಳಲ್ಲಿ ಆ ಕಾಣಿಕೆಯ ಹಣವನ್ನು ಹೊಸ ಕಾರಿನ ಆಸನಕ್ಕೆ ವಿನಿಯೋಗಿಸಲಿ. ಪ್ರಾಮು ಕೆಲವೇ ತಿಂಗಳು ಬಳಕೆಗೆ ಬರುವಂಥದು. ಅದನ್ನು ನಮ್ಮ ಕುಟುಂಬಗಳು ಒಬ್ಬರಿಂದೊಬ್ಬರಿಗೆ ಕಡವಾಗಿ ಕೊಟ್ಟುಕೊಳ್ಳಲಿ. ಮಗಳನ್ನೂ ಮೊಮ್ಮಗುವನ್ನೂ ಕರೆತರಲು ಹುಬ್ಬಳ್ಳಿಗೋ ದಾವಣಗೆರೆಗೋ ಹೊರಡುವ ಕಾರಿನ ಹಿಂದಿನ ಸೀಟಿನಲ್ಲಿ, ಇಲ್ಲಿಂದ ಹೋಗುವಾಗಲೇ, ಆ ಆಸನ ಬಿಗಿಯಾಗಿ ಕಟ್ಟಿರಲಿ.